ನಮ್ಮ ಬಡಾವಣೆಯ ಬಯೋಗ್ಯಾಸ್ ಟ್ಯಾಂಕಿಗೆ ನಿನ್ನೆ ಏನು ಸುರಿದ್ರಿ?

ಮನೆ 17, ಬೆಳಿಗ್ಗೆ 4:50
ರಾತ್ರಿಯೆಲ್ಲಾ ಕಣ್ಣು ಮುಚ್ಚಿಲ್ಲ. ಕಿಟಕಿ ಹಾಕಿದ್ರೂ ಕೊಳೆತ ಮೊಟ್ಟೆ ವಾಸನೆ. ಅಮ್ಮ ಮೂಗಿಗೆ ಸೆರಗು ಕಟ್ಕೊಂಡು ಕೂತಿದ್ರು. ನೊರೆ ಉಕ್ಕಿ ನಮ್ಮ ಗೇಟಿನ ತನಕ ಬಂದಿದೆ. ಇವತ್ತೇ ಮುಚ್ಚಿಬಿಡಿ ಆ ದರಿದ್ರ ಟ್ಯಾಂಕನ್ನ!

ಮನೆ 9
ಮತ್ತೆ ಶುರುವಾಯ್ತಾ? ಇದೂ ಮೂಲೆಮನೆಯವರದ್ದೇ ಕೆಲಸ.

ಮನೆ 1
ಮೂಲೆಮನೆ ಅಂದ್ರೆ ನಾವು ತಾನೇ? ನೇರವಾಗಿ ಹೇಳಿ ಸರ್.

ಮನೆ 31
ನಾನು ಅವತ್ತೇ ಬಡ್ಕೊಂಡೆ. ಎಸ್‌ಟಿಪಿ ಸ್ಲಡ್ಜ್ ಲೈನ್, ಅಂದ್ರೆ ಕೊಳಚೆ ನೀರು ಶುದ್ಧ ಮಾಡೋ ಘಟಕದ ಕೆಸರಿನ ಪೈಪು, ಜೋಡಿಸಬೇಡಿ ಅಂತ. ಕಕ್ಕಸಿನದ್ದು, ಅಡುಗೆಮನೆದು ಎರಡನ್ನೂ ಕಲಸಿ ಗ್ಯಾಸ್ ಮಾಡ್ತಾರಂತೆ! ನನ್ನ ಮಾತು ಯಾರು ಕೇಳ್ತಾರೆ.

ಮನೆ 22
ಸ್ಲಡ್ಜ್‌ದು ತಪ್ಪಿಲ್ಲ ಸರ್, ಅದು ಇದ್ರೇನೇ ಟ್ಯಾಂಕ್ ತಡ್ಕೊಳ್ಳೋದು. ಊಟದ ಕಸವನ್ನ ಒಂದು ಜಾತಿ ಬ್ಯಾಕ್ಟೀರಿಯಾ ಬೇಗಬೇಗ ಆಮ್ಲ ಮಾಡಿಬಿಡುತ್ತೆ. ಆ ಆಮ್ಲದಿಂದ ಮೀಥೇನ್, ಅಂದ್ರೆ ಉರಿಯೋ ಗ್ಯಾಸ್, ಮಾಡುವಂಥ ಜೀವಿಗಳು ಬಲು ನಿಧಾನ. ಒಂದೇ ಸಲ ಸುರಿದ್ರೆ ಆಮ್ಲ ಉಳ್ಕೊಳ್ಳುತ್ತೆ, ಅವು ಮಲಗಿಬಿಡ್ತವೆ. ಪಿಎಚ್ (ಆಮ್ಲದ ಅಳತೆ, ಕಮ್ಮಿಯಾದಷ್ಟೂ ಹುಳಿ ಜಾಸ್ತಿ) 7ರ ಆಸುಪಾಸು ಇರ್ಬೇಕು, ನಿನ್ನೆ ಸಂಜೆ ಪಟ್ಟಿ ಅದ್ದಿದ್ರೆ 5.8. ಯಾರೋ ಜಾಸ್ತಿ ಸುರಿದಿದ್ದಾರೆ.

ಮನೆ 12
ಭವನದ ಕಾರ್ಯಕ್ರಮದ್ದು ಉಳಿದಿತ್ತಲ್ಲ, ನಾಲ್ಕು ಡ್ರಮ್. ಹಸಿ ಕಸ ಅಲ್ಲಿಗೇ ಹಾಕಿ ಅಂತ ಬೋರ್ಡ್ ಇದೆ, ಹಾಕಿದ್ವಿ.

ಮನೆ 9
ನಾಲ್ಕು ಡ್ರಮ್ಮಾ!! ಕಾರ್ಯಕ್ರಮ ಯಾರದ್ದು ಅಂತ ಎಲ್ಲರಿಗೂ ಗೊತ್ತು.

ಮನೆ 31
ಕಾರ್ಯಕ್ರಮ ನನ್ನದೇ. ಊಟ ಮಾಡುವಾಗ ಚೆನ್ನಾಗಿತ್ತಲ್ವಾ? ವಿಷಯ ತಿರುಗಿಸಬೇಡಿ.

ಮನೆ 26
*ಮುಂದೆ ಕಳಿಸಿದ್ದು* 1669ರಲ್ಲಿ ಹೆನ್ನಿಗ್ ಬ್ರಾಂಡ್ ಎಂಬ ರಸವಾದಿ ಮೂತ್ರ ಕುದಿಸಿ ಚಿನ್ನ ಮಾಡಲು ಹೋಗಿ ರಂಜಕ ಕಂಡುಹಿಡಿದ! ಐದು ಗುಂಪಿಗೆ ಕಳಿಸಿ 🙏

ಮನೆ 5
ನಮ್ಮ ಟ್ಯಾಂಕಲ್ಲೂ ಚಿನ್ನ ಇದೆ ಅನ್ನಿ 😂

ಮನೆ 22
ನಗಬೇಡಿ, ಇದೆ. ಗ್ಯಾಸ್ ಆಗಿ ಹೋಗೋದು ಹೆಚ್ಚಾಗಿ ಇಂಗಾಲ. ಸಾರಜನಕ, ರಂಜಕ ಟ್ಯಾಂಕಿನ ಸ್ಲರಿಯಲ್ಲೇ, ಅಂದ್ರೆ ಗಂಜಿಯಂಥ ಬಗ್ಗಡದಲ್ಲೇ ಉಳಿಯುತ್ತೆ. ಹೋದ ತಿಂಗಳು ಪಂಪಿನ ಪೈಪಲ್ಲಿ ಬಿಳಿ ಕಲ್ಲು ಕಟ್ಟಿತ್ತಲ್ಲ, ಸ್ಟ್ರುವೈಟ್ ಇರ್ಬೇಕು. ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ (ರಂಜಕದ್ದೇ ಒಂದು ರೂಪ) ಸೇರಿ ಆಗೋದು, ಅಸಲಿ ಗೊಬ್ಬರ. ನಾವು ಸುತ್ತಿಗೆಯಲ್ಲಿ ಕುಟ್ಟಿ ಮೋರಿಗೆ ಎಸೆದ್ವಿ.

ಮನೆ 5
ಹಾಗಾದ್ರೆ ನನ್ನ ಸೊಪ್ಪಿನ ಮಡಿಗೆ ಎರಡು ಬಕೆಟ್ ಸ್ಲರಿ ಕೊಡಿ.

ಮನೆ 22
ಬೇಡ ಮೇಡಂ. ನಮ್ಮ ಟ್ಯಾಂಕಿನ 35 ಡಿಗ್ರಿಗೆ ರೋಗಾಣು ಪೂರ್ತಿ ಸಾಯಲ್ಲ. 55 ದಾಟಿ ಕೆಲವು ದಿನ ಬಿಸಿ ಕಾಯುವಂತೆ ರಾಶಿ ಹಾಕಿ ಕಾಂಪೋಸ್ಟ್ ಮಾಡ್ಬೇಕು.
ಈಗ ಆಗಬೇಕಾದ್ದು ಇಷ್ಟು: ಕಸ ಹಾಕೋದು ಪೂರ್ತಿ ನಿಲ್ಲಿಸಿ. ಸುಣ್ಣದ ತಿಳಿ ಸ್ವಲ್ಪಸ್ವಲ್ಪವೇ ಬಿಡಿ, ದಿನಾ ಪಿಎಚ್ ನೋಡಿ. ಏರಿದ ಮೇಲೆ ತೂಕ ಮಾಡಿ ಹಾಕೋಣ. ತೂಕದ ಮಷೀನ್ ನಾನು ಕೊಡ್ತೀನಿ. ಇನ್ನೊಂದು, ಯಾರೂ ಟ್ಯಾಂಕಿನೊಳಗೆ ಬಗ್ಗಿ ನೋಡಬೇಡಿ. ಆ ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್ ಜಾಸ್ತಿಯಾದ್ರೆ ಮೂಗಿಗೆ ವಾಸನೆಯೇ ತಿಳಿಯಲ್ಲ, ವಾಸನೆ ಹೋಯ್ತು ಅಂತ ಹತ್ತಿರ ಹೋದ್ರೆ ಪ್ರಾಣಕ್ಕೇ ಸಂಚಕಾರ.

ಮನೆ 31
ದಿನಾ ತೂಕ ಮಾಡೋರು ಯಾರು? ನಾನಂತೂ ಅಲ್ಲ.

ಮನೆ 1
ಕೆಳಗೆ ಕೂತ ಬಗ್ಗಡ ತೆಗೆಸಿ ಎಷ್ಟು ಕಾಲ ಆಯ್ತು? ಟ್ಯಾಂಕರ್ ಬಂದು ವಾಪಸ್ ಹೋಯ್ತು. ಗೇಟಿಗೆ ಅಡ್ಡ ಆ ಬಿಳಿ ಕಾರು.

ಮನೆ 9
ಆ ಕಾರು! ನಾನೂ ಹೇಳ್ಬೇಕು ಅಂತಿದ್ದೆ. ಯಾರದ್ದದು?

ಮನೆ 12
31ರ ಅಂಕಲ್ ಮನೆಗೆ ಬಂದ ನೆಂಟರದ್ದು.

ಮನೆ 31
ನೆಂಟರು ಕಾರನ್ನ ತಲೆ ಮೇಲೆ ಹೊತ್ಕೊಂಡು ನಿಲ್ಬೇಕಾ? ಒಬ್ಬೊಬ್ಬರ ಮನೇಲೂ ಎರಡೆರಡು ಗಾಡಿ. ಮೊದಲು ಸ್ಟಿಕ್ಕರ್ ಪದ್ಧತಿ ತನ್ನಿ, ಆಮೇಲೆ ನನ್ನ ನೆಂಟರ ವಿಷಯ.

ಮನೆ 26
ಸ್ಟಿಕ್ಕರ್‌ಗೆ ನನ್ನ ಬೆಂಬಲ 👍

ಮನೆ 22
ಸುಣ್ಣ ನಾನೇ ತರ್ತೀನಿ. ಜೊತೆಗೆ ಒಬ್ಬರು ಬೇಕು. ಯಾರು ಬರ್ತೀರಿ?

ಮನೆ 31, ರಾತ್ರಿ 8:40
ಸ್ಟಿಕ್ಕರ್ ಹಳದಿಯೋ ಹಸಿರೋ? ಭಾನುವಾರದೊಳಗೆ ಹೇಳಿ.

ಮನೆ 12
ಹಸಿರು.

ಮನೆ 9
ಹಸಿರು, ಆದ್ರೆ ನಂಬರ್ ದೊಡ್ಡದಿರಲಿ.

ಮನೆ 17
ಹಳದಿ. ಕತ್ತಲಲ್ಲೂ ಕಾಣುತ್ತೆ.