ಸಹಾಯ ಬೇಕು: ನೀರಿನಡಿಯ ಸದ್ದಿನ ಲೆಕ್ಕ ತಾಳೆಯಾಗ್ತಿಲ್ಲ (ಕಾರವಾರ)

ಎಲ್ಲರಿಗೂ ನಮಸ್ಕಾರ. ತಂಗಿಯ ಬಿಎಸ್ಸಿ ಪ್ರಾಜೆಕ್ಟಿಗೆ ಪಿಜೊ ಡಿಸ್ಕಿಗೆ (ಅದುರಿದರೆ ವಿದ್ಯುತ್ ಹೊಮ್ಮಿಸೋ ಬಿಲ್ಲೆ) ಎಪಾಕ್ಸಿ ಅಂಟು ಬಳಿದು ಮನೆಯಲ್ಲೇ ಹೈಡ್ರೊಫೋನ್, ಅಂದ್ರೆ ನೀರಿನಡಿಯ ಸದ್ದು ಹಿಡಿಯೋ ಮೈಕ್, ಮಾಡಿದ್ವಿ. ಭಾನುವಾರ ಬೈತಖೋಲ ಹತ್ತಿರ ಮಾವನ ಪಾತಿ ದೋಣಿಯಿಂದ 2 ಕಿಲೋಹರ್ಟ್ಸ್ ಬಜರ್ ಇಳಿಬಿಟ್ಟು ಅಳೆದ್ವಿ. ಆಳ ಎಂಟು ಮೀಟರ್ ಇರಬಹುದು, ಹಗ್ಗಕ್ಕೆ ಕಲ್ಲು ಕಟ್ಟಿ ನೋಡಿದ್ದು.

ಸದ್ದು ಎಲ್ಲ ದಿಕ್ಕಿಗೂ ಹರಡಿದರೆ ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಇಳೀಬೇಕು. ನಮಗೆ 25ರಿಂದ 50 ಮೀಟರಿಗೆ 4, 50ರಿಂದ 100ಕ್ಕೆ ಬರೀ 3. ಮೇಲೆ ಅಲೆ, ಕೆಳಗೆ ತಳ, ನಡುವೆ ಸದ್ದು ಸಿಕ್ಕಿಬಿದ್ದು ಅಡ್ಡಕ್ಕೆ ಮಾತ್ರ ಹರಡಿದರೆ 3 ಅಂತೆ. ಹಾಗಿದ್ರೆ ಸರಿಯೇ, ಅಥವಾ ನಮ್ಮ ಡಿಸ್ಕೇ ಸುಳ್ಳು ಹೇಳ್ತಿದೆಯಾ? ಉಪ್ಪುನೀರು ಹೀರಿಕೊಳ್ಳುವುದನ್ನು ಬಿಟ್ಟಿದ್ದೇವೆ. ಈ ಕಂಪನಕ್ಕೆ ನೂರಿನ್ನೂರು ಮೀಟರಲ್ಲಿ ಅದು ಲೆಕ್ಕಕ್ಕೇ ಬರಲ್ಲ.

200 ಮೀಟರಿನಲ್ಲಂತೂ ಬಜರ್ ಕೇಳಲೇ ಇಲ್ಲ. ಹೆಡ್‌ಫೋನಲ್ಲಿ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಒಂದೇ ಸಮ ಚಟಪಟ. ಚಿಟಿಕೆ ಹೊಡೆಯೋ ಸಿಗಡಿ ಇರಬೇಕು ಅಂತ ನನ್ನ ಅನುಮಾನ. ಮಾವ ನಕ್ಕು, 'ಸಿಗಡಿ ಬಾಣಲೆಗೆ ಬಿದ್ಮೇಲೆ ಚಟಪಟ ಅನ್ನೋದು' ಅಂದ್ರು.

ಸರಿಯಾಗಿ ಕ್ಯಾಲಿಬ್ರೇಟ್ ಮಾಡಿದ (ಅಳತೆ ತಾಳೆ ನೋಡಿ ಸರಿಹೊಂದಿಸಿದ) ಹೈಡ್ರೊಫೋನ್ ಕಾರವಾರ, ಅಂಕೋಲಾ ಕಡೆ ಯಾರ ಹತ್ತಿರವಾದ್ರೂ ಇದೆಯಾ? ಅರ್ಧ ದಿನಕ್ಕೆ ಸಾಕು, ದೋಣಿ ನಮ್ಮದೇ. ಚಟಪಟದ ನಡುವೆ ಬಜರ್ ಸದ್ದು ಸೋಸೋ ದಾರಿ ಗೊತ್ತಿದ್ದವರೂ ದಯವಿಟ್ಟು ತಿಳಿಸಿ. ಬರುವ ಶುಕ್ರವಾರ ವರದಿ ಕೊಡಬೇಕು.