ವೈದ್ಯರನ್ನು ಕೇಳಿ: ಹನ್ನೊಂದಾದರೂ ಮಲಗದ ಮಗು, ಎರಡೂವರೆಗೇ ಏಳುವ ಮೇಷ್ಟ್ರು

ಪ್ರಶ್ನೆ (ದಾವಣಗೆರೆ, ನಾಲ್ಕು ವರ್ಷದ ಹುಡುಗನ ತಾಯಿ):
ನಮಸ್ಕಾರ ಮೇಡಂ. ಮಗ ರಾತ್ರಿ ಹನ್ನೊಂದೂವರೆಗೆ ಮೊದಲು ಕಣ್ಣು ಮುಚ್ಚುವುದಿಲ್ಲ. ಒಂಬತ್ತಕ್ಕೇ ದೀಪ ಆರಿಸಿ ಪಕ್ಕದಲ್ಲಿ ಮಲಗಿಸಿಕೊಂಡರೆ ನೀರು ಬೇಕು, ಉಚ್ಚೆ ಬಂತು, ಇನ್ನೊಂದೇ ಕತೆ ಎಂದು ಎರಡು ಗಂಟೆ ಸತಾಯಿಸುತ್ತಾನೆ. ಬೆಳಿಗ್ಗೆ ಎಂಟೂವರೆಗೆ ಎಬ್ಬಿಸುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತದೆ. ಎಲ್‌ಕೆಜಿಯಿಂದ ಬಂದು ಊಟ ಮಾಡಿ ಎರಡೂವರೆಗೆ ಮಲಗಿದರೆ ಐದರವರೆಗೆ ಒಳ್ಳೆಯ ನಿದ್ದೆ. ಅತ್ತೆಯವರು ಹಾಲಿಗೆ ಜಾಯಿಕಾಯಿ ತೇಯ್ದು ಹಾಕೋಣ ಎನ್ನುತ್ತಿದ್ದಾರೆ. ನೈಸರ್ಗಿಕವೇ ಅಲ್ಲವೇ, ಕೊಡಬಹುದೇ?

ವೈದ್ಯೆ:
ಮೊದಲು ಒಂದು ಕೂಡುವ ಲೆಕ್ಕ. ರಾತ್ರಿ ಹನ್ನೊಂದೂವರೆಯಿಂದ ಎಂಟೂವರೆವರೆಗೆ ಒಂಬತ್ತು ಗಂಟೆ, ಮಧ್ಯಾಹ್ನ ಎರಡೂವರೆ ಗಂಟೆ, ಒಟ್ಟು ಹನ್ನೊಂದೂವರೆ. ಮೂರರಿಂದ ಐದು ವರ್ಷದ ಮಕ್ಕಳಿಗೆ ಹಗಲು ನಿದ್ದೆಯೂ ಸೇರಿ 10ರಿಂದ 13 ಗಂಟೆ ಬೇಕು. ನಿಮ್ಮ ಮಗನಿಗೆ ಸಿಗಬೇಕಾದಷ್ಟು ಸಿಗುತ್ತಿದೆ. ಆ ಮನೆಯಲ್ಲಿ ನಿದ್ದೆಗೆಟ್ಟವರು ನೀವೊಬ್ಬರೇ!

ಐದಕ್ಕೆ ಎದ್ದ ಮಗುವಿಗೆ ಒಂಬತ್ತಕ್ಕೆ ಮಲಗು ಎಂದರೆ ಅದು ಎಲ್ಲಿಂದ ನಿದ್ದೆ ತರಬೇಕು? ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಕೂಡುತ್ತಾ ಹೋಗುತ್ತದೆ; ಅದು ತುಂಬಿದಾಗ ಕಣ್ಣು ಎಳೆಯುತ್ತದೆ, ಮಲಗಿದಾಗ ಬರಿದಾಗುತ್ತದೆ. ಅವನು ಸಂಜೆ ಐದಕ್ಕೆ ಅದನ್ನೆಲ್ಲ ಬರಿದು ಮಾಡಿಕೊಂಡು ಎದ್ದಿರುತ್ತಾನೆ.

ನಿದ್ದೆ ಬರಿಸುವುದು ನಿಮ್ಮ ಕೈಯಲ್ಲಿಲ್ಲ. ಎಬ್ಬಿಸುವುದು ನಿಮ್ಮ ಕೈಯಲ್ಲಿದೆ, ಹಾಗಾಗಿ ಅಲ್ಲಿಂದ ಶುರು ಮಾಡಿ. ಮೊದಲ ವಾರ ಎಂಟಕ್ಕೆ, ಮುಂದಿನ ವಾರ ಏಳೂವರೆಗೆ, ಆಮೇಲೆ ಏಳಕ್ಕೆ. ಎದ್ದ ಅರ್ಧ ಗಂಟೆಯೊಳಗೆ ಮಗು ಬಯಲಿನ ಬೆಳಕಿನಲ್ಲಿರಬೇಕು, ಕಿಟಕಿಯ ಬಳಿ ಕೂತರೆ ಸಾಲದು. ಮಧ್ಯಾಹ್ನ ಊಟವಾದ ಕೂಡಲೇ ಮಲಗಿಸಿ, ಒಂದು ಗಂಟೆ ನಿದ್ದೆ ಮಾಡಿದ ಮೇಲೆ ಎಬ್ಬಿಸಿ. ಅಳುತ್ತಾನೆ, ಅಳಲಿ, ಎತ್ತಿಕೊಂಡು ಹೊರಗೆ ಬನ್ನಿ.

ರಾತ್ರಿಯ ಮಟ್ಟಿಗೆ ನನ್ನ ಸಲಹೆ ತಲೆಕೆಳಗಾಗಿ ಕಾಣಬಹುದು. ಒಂಬತ್ತಕ್ಕೆ ಮಲಗಿಸುವುದನ್ನು ಸದ್ಯಕ್ಕೆ ಬಿಟ್ಟುಬಿಡಿ. ಹನ್ನೊಂದೂಕಾಲಕ್ಕೆ, ಅಂದರೆ ಅವನಿಗೆ ನಿಜಕ್ಕೂ ನಿದ್ದೆ ಬರುವ ಹೊತ್ತಿಗೆ ಮಲಗಿಸಿ. ಹದಿನೈದು ನಿಮಿಷದಲ್ಲಿ ನಿದ್ದೆ ಹತ್ತಿದರೆ ಮೂರು ದಿನಕ್ಕೊಮ್ಮೆ ಕಾಲು ಗಂಟೆ ಹಿಂದಕ್ಕೆ ತನ್ನಿ. ಮೂರು ವಾರಕ್ಕೆ ಒಂಬತ್ತೂವರೆ ಮುಟ್ಟುತ್ತೀರಿ. ಹಾಸಿಗೆಯೆಂದರೆ ಎರಡು ಗಂಟೆಯ ಜಗ್ಗಾಟ ಎಂದು ಅವನ ತಲೆಯಲ್ಲಿ ಕೂತಿದೆ, ಮೊದಲು ಅದು ಹೋಗಬೇಕು. ಮಲಗುವ ಮುಂಚಿನ ಒಂದು ಗಂಟೆ ಟಿವಿ, ಮೊಬೈಲ್, ಟ್ಯೂಬ್‌ಲೈಟ್ ಮೂರೂ ಬೇಡ. ಮೂಲೆಯಲ್ಲೊಂದು ಹಳದಿ ಬಲ್ಬು ಸಾಕು. ಚಿಕ್ಕ ಮಕ್ಕಳ ಕಣ್ಣಿನ ಪಾಪೆ ದೊಡ್ಡದು, ಮಸೂರ ತಿಳಿ. ಕತ್ತಲಾದ ಮೇಲೆ ಏರಬೇಕಾದ, ನಿದ್ದೆಗೆ ಕರೆಯುವ ಹಾರ್ಮೋನು ಮೆಲಟೋನಿನ್ ಅನ್ನು ಬೆಳಕು ನಮಗಿಂತ ಅವರಲ್ಲಿ ಹೆಚ್ಚು ತಡೆಯುತ್ತದೆ.

ಜಾಯಿಕಾಯಿ ಬೇಡ. ಪಾಯಸಕ್ಕೆ ಚಿಟಿಕೆ ಹಾಕಿದರೆ ಏನೂ ಆಗುವುದಿಲ್ಲ. ಆದರೆ ಮಗುವನ್ನು ಮಲಗಿಸಲೆಂದು ದಿನಾ ತೇಯ್ದು ಕೊಡುವುದು ಬೇರೆ ಮಾತು. ಅದರಲ್ಲಿರುವ ಮಿರಿಸ್ಟಿಸಿನ್ ಹೆಚ್ಚಾದರೆ ವಾಂತಿ, ಎದೆಬಡಿತ, ಭ್ರಮೆ ಎಲ್ಲವೂ ಆಗುತ್ತದೆ, ತೇಯುವ ಕಲ್ಲಿನ ಮೇಲೆ ಎಷ್ಟು ಇಳಿಯಿತು ಎಂದು ಯಾರೂ ಅಳೆಯಲಾರರು. ನೈಸರ್ಗಿಕ ಎಂದ ಮಾತ್ರಕ್ಕೆ ಔಷಧವು ಔಷಧವಲ್ಲದೆ ಹೋಗುವುದಿಲ್ಲ. ಅತ್ತೆಯವರಿಗೆ ಬೇಸರ ಮಾಡಬೇಡಿ. ಅವರ ಕಾಲದಲ್ಲಿ ಮಗು ಮಲಗುತ್ತಿದ್ದುದು ಬೇಗ ಕತ್ತಲಾಗುತ್ತಿದ್ದ ಮನೆಯಲ್ಲಿ, ತಟ್ಟುತ್ತಿದ್ದ ಕೈಗೆ; ಹೆಸರು ಮಾತ್ರ ಜಾಯಿಕಾಯಿಗೆ ಬಂತು. ಆ ತಟ್ಟುವ ಕೆಲಸವನ್ನು ಅವರಿಗೇ ಒಪ್ಪಿಸಿ.

ಇನ್ನೊಂದು, ನೀವು ಕೇಳದಿದ್ದರೂ ಹೇಳುತ್ತೇನೆ: ಮಲಗಲಿ ಎಂದು ನೆಗಡಿಯ ಸಿರಪ್ ಕೊಡುವ ಮನೆಗಳಿವೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆತ ಸಿರಪ್ಪನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಬಾಟಲಿಯ ಮೇಲೆ ಮುದ್ರಿಸುವಂತೆ ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಸೂಚಿಸಿದ್ದಾರೆ.

ಒಂದು ಪ್ರಶ್ನೆ ನನ್ನದು. ಹುಡುಗನ ಅಪ್ಪ ಮನೆಗೆ ಬರುವುದು ಎಷ್ಟು ಹೊತ್ತಿಗೆ?

ದಾವಣಗೆರೆಯ ತಾಯಿ:
ಅದು ಹೇಗೆ ಗೊತ್ತಾಯಿತು ಮೇಡಂ? ಬಟ್ಟೆ ಅಂಗಡಿ. ಬಾಗಿಲು ಹಾಕಿ ಬರುವಾಗ ಒಂಬತ್ತೂಮುಕ್ಕಾಲು. ಗೇಟಿನಲ್ಲಿ ಗಾಡಿಯ ಸದ್ದಾದರೆ ಸಾಕು, ಹೊದಿಕೆ ಕಿತ್ತೆಸೆದು ಓಡುತ್ತಾನೆ. ಆಮೇಲೆ ಕುದುರೆಯಾಟ, ಕುಸ್ತಿ.

ವೈದ್ಯೆ:
ಗೊತ್ತಾಗಲಿಲ್ಲ, ಊಹಿಸಿದೆ. ಆ ಹುಡುಗನಿಗೆ ದಿನದಲ್ಲಿ ಅಪ್ಪ ಸಿಗುವುದು ಆ ಒಂದು ಗಂಟೆ ಮಾತ್ರ, ಅದನ್ನು ಬಿಟ್ಟು ಯಾವ ಮಗುವೂ ಮಲಗುವುದಿಲ್ಲ, ಮಲಗಲೂಬಾರದು. ಆ ಗಂಟೆಯನ್ನು ಬೆಳಿಗ್ಗೆಗೆ ವರ್ಗಾಯಿಸಿ. ಹಾಲು ತರಲು ಅಪ್ಪನೇ ಮಗನನ್ನು ಕರೆದುಕೊಂಡು ನಡೆದು ಹೋಗಲಿ, ಗಾಡಿಯಲ್ಲಿ ಬೇಡ. ಬೆಳಕೂ ಆಯಿತು, ಅಪ್ಪನೂ ಸಿಕ್ಕಿದ. ರಾತ್ರಿ ಬಂದ ಮೇಲೆ ಕುಸ್ತಿಯ ಬದಲು ಪಕ್ಕದಲ್ಲಿ ಕೂತು ಒಂದು ಕತೆ.

ಪ್ರಶ್ನೆ (ಬೆಂಗಳೂರು, 38 ವರ್ಷ):
ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ. ಮೊಬೈಲ್‌ನಲ್ಲಿ ಸಮಯ ನೋಡುತ್ತೇನೆ, ಇನ್ನು ಮೂರೇ ಗಂಟೆ ಇದೆ ಎಂದು ಎದೆ ಹೊಡೆದುಕೊಳ್ಳುತ್ತದೆ. ಐದರವರೆಗೆ ಹೊರಳಾಟ. ದಿನಕ್ಕೆ ಮೂರು ಫಿಲ್ಟರ್ ಕಾಫಿ, ಕೊನೆಯದು ಸಂಜೆ ಆರಕ್ಕೆ. ತಮ್ಮ ಅಮೆರಿಕದಿಂದ ಮೆಲಟೋನಿನ್ ಗಮ್ಮಿ (ಜಗಿಯುವ ಮಿಠಾಯಿಯಂಥದ್ದು) ತಂದುಕೊಟ್ಟಿದ್ದಾನೆ.

ವೈದ್ಯೆ:
ಗಮ್ಮಿಯನ್ನು ಪಕ್ಕಕ್ಕಿಡಿ. 2023ರಲ್ಲಿ ಅಮೆರಿಕದಲ್ಲಿ 25 ಬಗೆಯ ಇಂಥ ಗಮ್ಮಿಗಳನ್ನು ಪರೀಕ್ಷಿಸಿದಾಗ 22ರಲ್ಲಿ ಡಬ್ಬಿಯ ಮೇಲೆ ಬರೆದ ಪ್ರಮಾಣಕ್ಕೂ ಒಳಗಿದ್ದದ್ದಕ್ಕೂ ತಾಳೆಯಾಗಲಿಲ್ಲ. ಒಂದರಲ್ಲಂತೂ ಮೆಲಟೋನಿನ್ ಇರಲೇ ಇಲ್ಲ.

ಕಾಫಿಯಲ್ಲಿನ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಆರಕ್ಕೆ ಕುಡಿದ ಲೋಟದಲ್ಲಿ ಅರ್ಧ ಲೋಟ ರಾತ್ರಿ ಹನ್ನೊಂದಕ್ಕೂ ನಿಮ್ಮ ಮೈಯಲ್ಲಿರುತ್ತದೆ. ಮೇಲೆ ಹೇಳಿದ ಅಡೆನೋಸಿನ್ ಕೂರಬೇಕಾದ ಜಾಗದಲ್ಲಿ ಇದು ಹೋಗಿ ಕೂರುತ್ತದೆ. ಕಾಫಿ ಬಿಡಿ ಎಂದು ಹೇಳುವಷ್ಟು ಕಟುಕಿ ನಾನಲ್ಲ, ನನಗೂ ಬೇಕು. ಮಧ್ಯಾಹ್ನ ಒಂದರ ನಂತರ ಬೇಡ.

ಮೂರಕ್ಕೆ ಎಚ್ಚರವಾಗುವುದೇ ರೋಗವಲ್ಲ. ಎಲ್ಲರಿಗೂ ರಾತ್ರಿ ಹಲವು ಸಲ ಎಚ್ಚರವಾಗುತ್ತದೆ, ಮಗ್ಗಲು ಬದಲಿಸಿ ಮರೆತುಬಿಡುತ್ತಾರೆ. ನೀವು ಗಡಿಯಾರ ನೋಡಿ ಕಳೆಯುವ ಲೆಕ್ಕ ಶುರು ಮಾಡುತ್ತೀರಿ. ಮೊಬೈಲ್ ಹಾಲ್‌ನಲ್ಲಿ ಮಲಗಲಿ. ಎಬ್ಬಿಸಲು ನೂರಿನ್ನೂರು ರೂಪಾಯಿಯ ಅಲಾರಂ ಗಡಿಯಾರ ತಂದು ಮುಖ ಗೋಡೆಗೆ ತಿರುಗಿಸಿಡಿ. ಅಂದಾಜು ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದುಬಿಡಿ. ಮಂದ ಬೆಳಕಿನಲ್ಲಿ ಕೂತು ಬಟ್ಟೆ ಮಡಿಸಿ, ಹಳೆಯ ಮಾಸಪತ್ರಿಕೆ ತಿರುವಿ. ತೂಕಡಿಕೆ ಬಂದ ಮೇಲಷ್ಟೇ ಹಾಸಿಗೆಗೆ ಮರಳಿ. ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲಿ ವಿವರಿಸಿದ ಉಪಾಯವಿದು, ಇವತ್ತಿಗೂ ನಿದ್ರಾಹೀನತೆಯ ಮೊದಲ ಚಿಕಿತ್ಸೆಯಲ್ಲಿ ಇದು ಇದ್ದೇ ಇರುತ್ತದೆ. ಎಷ್ಟು ಹೊತ್ತಿಗೆ ನಿದ್ದೆ ಬಂದಿದ್ದರೂ ಏಳುವುದು ಮಾತ್ರ ದಿನಾ ಒಂದೇ ಹೊತ್ತಿಗೆ.

ಭಾನುವಾರದ ಎಣ್ಣೆಸ್ನಾನದ ನಂತರ ಬರುವ ಮಂಪರು ನಿಮಗೆ ನೆನಪಿರಬಹುದು. ಎಣ್ಣೆಗಿಂತ ಬಿಸಿನೀರಿನ ಪಾಲು ಅದರಲ್ಲಿ ಹೆಚ್ಚು. ಬಿಸಿನೀರಿಗೆ ಅಂಗೈ, ಅಂಗಾಲುಗಳ ರಕ್ತನಾಳ ಅಗಲವಾಗಿ ಒಳಗಿನ ಶಾಖವೆಲ್ಲ ಹೊರಗೆ ಹೋಗುತ್ತದೆ. ಮೈಯೊಳಗಿನ ಉಷ್ಣಾಂಶ ಇಳಿದಾಗ ನಿದ್ದೆ ಬರುತ್ತದೆ. ಮಲಗುವ ಒಂದೆರಡು ಗಂಟೆ ಮುಂಚೆ ಹತ್ತು ನಿಮಿಷ ಬಿಸಿನೀರಿನ ಸ್ನಾನ ಮಾಡಿ ನೋಡಿ, ಮಲಗುವ ಹೊತ್ತಿಗೆ ಸರಿಯಾಗಿ ಅಲ್ಲ. ಒಂದು ಪೆಗ್ ಹಾಕಿದರೆ ಬೇಗ ನಿದ್ದೆ ಬರುತ್ತದೆ ಎನ್ನುವ ಗೆಳೆಯರಿದ್ದರೆ, ಅದು ಮೂರರ ಎಚ್ಚರವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ ಎಂದು ಹೇಳಿ.

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ದಾಟಿದ್ದರೆ ವೈದ್ಯರನ್ನು ಕಾಣಿ. ಮನಸ್ಸೂ ಕುಗ್ಗಿದ್ದರೆ ಅಷ್ಟು ದಿನ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ಪ್ರಶ್ನೆ (ಅಬುಧಾಬಿಯಿಂದ):
ಊರಲ್ಲಿ ಗಸಗಸೆ ಪಾಯಸ ಕುಡಿದರೆ ಹಾಯಾದ ನಿದ್ದೆ ಬರುತ್ತಿತ್ತು. ಅಮ್ಮ ಕಾಲು ಕಿಲೋ ಗಸಗಸೆ ಕಳುಹಿಸುತ್ತೇನೆ ಎನ್ನುತ್ತಿದ್ದಾರೆ.

ವೈದ್ಯೆ:
ಈಗಲೇ ಫೋನ್ ಮಾಡಿ ತಡೆಯಿರಿ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಗಸಗಸೆ ನಿಷಿದ್ಧ, ಸಾಮಾನಿನಲ್ಲಿ ಸಿಕ್ಕರೆ ಜೈಲಿನ ಮಾತು. ಅಫೀಮಿನ ಗಿಡದ್ದೇ ಬೀಜ ಅದು. ಊರಿನಲ್ಲಿ ಬರುತ್ತಿದ್ದ ನಿದ್ದೆಗೆ ಹೋಳಿಗೆ ಊಟ, ಮಧ್ಯಾಹ್ನದ ಹೊತ್ತು ಮತ್ತು ಅಮ್ಮನ ಮನೆಯ ಚಾಪೆ ಹೆಚ್ಚು ಕಾರಣ ಎಂದು ನನ್ನ ಗುಮಾನಿ.

ಪ್ರಶ್ನೆ (ಶಿರಸಿ, ನಿವೃತ್ತ ಶಿಕ್ಷಕರು, 68 ವರ್ಷ):
ಎಂಟೂವರೆಗೆ ಮಲಗುತ್ತೇನೆ. ತಕ್ಷಣ ನಿದ್ದೆ. ಎರಡೂವರೆಗೆ ಎಚ್ಚರ, ಮತ್ತೆ ಬರುವುದಿಲ್ಲ, ಐದೂವರೆಗೆ ಏಳುತ್ತೇನೆ. ಮಧ್ಯಾಹ್ನ ಊಟದ ನಂತರ ಒಂದೂವರೆ ಗಂಟೆ ಮಲಗುವ ಅಭ್ಯಾಸ. ಗೆಳೆಯರೊಬ್ಬರು ತಾವು ನುಂಗುವ ನಿದ್ರೆ ಮಾತ್ರೆಯ ಒಂದು ಪಟ್ಟಿ ಕೊಟ್ಟಿದ್ದಾರೆ. ಇನ್ನೂ ತೆಗೆದುಕೊಂಡಿಲ್ಲ.

ವೈದ್ಯೆ:
ಮೇಷ್ಟ್ರೇ, ತೆಗೆದುಕೊಳ್ಳದೆ ಇದ್ದದ್ದು ಒಳ್ಳೆಯದಾಯಿತು. ನಿಮ್ಮ ವಯಸ್ಸಿನಲ್ಲಿ ಆ ಮಾತ್ರೆಯ ಅಮಲಿನಲ್ಲಿ ಬಚ್ಚಲಿಗೆ ಎದ್ದು ಸೊಂಟದ ಮೂಳೆ ಮುರಿದುಕೊಂಡವರನ್ನು ನೋಡಿದ್ದೇನೆ. ಗೆಳೆಯರಿಗೂ ಒಂದು ಮಾತು ಹೇಳಿ: ಬಹುದಿನದಿಂದ ನುಂಗುತ್ತಿದ್ದರೆ ಒಮ್ಮೆಲೇ ನಿಲ್ಲಿಸಬಾರದು, ವೈದ್ಯರನ್ನು ಕೇಳಿ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು.

ನಿಮ್ಮದೂ ದಾವಣಗೆರೆಯ ಹುಡುಗನ ಲೆಕ್ಕವೇ. ಎಂಟೂವರೆಯಿಂದ ಎರಡೂವರೆಗೆ ಆರು ಗಂಟೆ, ಮಧ್ಯಾಹ್ನದ ಒಂದೂವರೆ, ಒಟ್ಟು ಏಳೂವರೆ. ದೊಡ್ಡವರಿಗೆ ಏಳೆಂಟು ಗಂಟೆ ಸಾಕು. ಒಂಬತ್ತು ಗಂಟೆ ಹಾಸಿಗೆಯಲ್ಲಿದ್ದು ಒಂಬತ್ತು ಗಂಟೆಯೂ ನಿದ್ದೆ ಬರಬೇಕು ಎಂದರೆ ಹೇಗೆ?

ಐದೂವರೆಗೆ ಏಳುವುದನ್ನು ಹಾಗೆಯೇ ಇಟ್ಟುಕೊಳ್ಳಿ. ಮಲಗುವುದನ್ನು ಹತ್ತಕ್ಕೆ ತಳ್ಳಿ, ಮಧ್ಯಾಹ್ನದ್ದನ್ನು ಅರ್ಧ ಗಂಟೆಗೆ ಇಳಿಸಿ. ಆರಾಮ ಕುರ್ಚಿಯಲ್ಲಾದರೆ ತಾನಾಗಿಯೇ ಇಳಿಯುತ್ತದೆ. ವಯಸ್ಸಾದಂತೆ ಮೈಯ ಗಡಿಯಾರ ಮುಂದೆ ಓಡುತ್ತದೆ, ಸಂಜೆಯೇ ಕಣ್ಣು ಕೂರುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ಸಂಜೆಯ ಬೆಳಕು. ಹಾಗಾಗಿ ಬೇರೆಯವರಿಗೆ ಬೆಳಗಿನ ಬಿಸಿಲು ಹೇಳಿದರೆ, ನಿಮಗೆ ಐದರಿಂದ ಆರೂವರೆವರೆಗೆ ಹೊರಗೆ ತಿರುಗಾಡಿ ಎನ್ನುತ್ತೇನೆ. ಮಳೆಗಾಲದಲ್ಲಿ ಜಗಲಿಯ ಮೇಲಾದರೂ ಕೂರಿ. ಊಟದ ನಂತರ ಟಿವಿಯ ಮುಂದೆ ತೂಕಡಿಸಬೇಡಿ, ಅದೂ ನಿದ್ದೆಯ ಖಾತೆಯಿಂದಲೇ ಕಳೆಯುತ್ತದೆ.

ಎರಡೂವರೆಗೆ ಎಬ್ಬಿಸುವುದು ಮೂತ್ರವೇ ಎಂದು ಗಮನಿಸಿ. ಹಾಗಿದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ಬೆಳಿಗ್ಗೆ ತೆಗೆದುಕೊಳ್ಳಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಬಚ್ಚಲಿನ ದಾರಿಯಲ್ಲಿ ನೆಲದ ಹತ್ತಿರ ಒಂದು ಸಣ್ಣ ದೀಪ ಇರಲಿ.

ಪ್ರಶ್ನೆ (ಹೆಸರು ಬೇಡ ಎಂದವರು):
ಆರು ವರ್ಷದ ಮಗಳು ಬಾಯಿ ತೆರೆದು ಮಲಗುತ್ತಾಳೆ, ದೊಡ್ಡವರಂತೆ ಗೊರಕೆ. ಮುದ್ದಾಗಿದೆ ಎಂದು ಎಲ್ಲರೂ ನಗುತ್ತೇವೆ.

ವೈದ್ಯೆ:
ನಗಬೇಡಿ. ಮೂಗಿನ ಹಿಂದಿನ ಅಡಿನಾಯ್ಡ್ ಅಥವಾ ಟಾನ್ಸಿಲ್ ದೊಡ್ಡದಾಗಿ ದಾರಿ ಕಟ್ಟಿರಬಹುದು. ಉಸಿರು ಕ್ಷಣ ನಿಂತು ಮತ್ತೆ ಎಳೆದುಕೊಳ್ಳುತ್ತಾಳೆಯೇ, ಹಗಲಲ್ಲಿ ರಚ್ಚೆ ಹಿಡಿಯುತ್ತಾಳೆಯೇ ನೋಡಿ. ಅವಳು ಮಲಗಿದ್ದಾಗ ಎರಡು ನಿಮಿಷ ವಿಡಿಯೊ ಮಾಡಿಕೊಂಡು ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಿ. ಇದಕ್ಕೆ ಮನೆಮದ್ದು ಇಲ್ಲ.

ದಾವಣಗೆರೆಯ ತಾಯಿ (ಐದು ವಾರಗಳ ನಂತರ):
ಮೇಡಂ, ಈಗ ಒಂಬತ್ತೂಮುಕ್ಕಾಲಿಗೆ ಮಲಗುತ್ತಿದ್ದಾನೆ. ಮೊದಲ ವಾರ ಮಧ್ಯಾಹ್ನ ಎಬ್ಬಿಸಿದಾಗ ಬೀದಿಗೆಲ್ಲ ಕೇಳುವಂತೆ ಅತ್ತ. ಹಾಲಿನ ಪಾಕೆಟ್ ತಾನೇ ಹಿಡಿಯಬೇಕು ಎಂದು ಎರಡು ಸಲ ಒಡೆದಿದ್ದಾನೆ. ಅತ್ತೆಯವರು ತಟ್ಟುತ್ತಾ ಕತೆ ಹೇಳುತ್ತಾರೆ. ಅವನಿಗಿಂತ ಮೊದಲು ಅವರೇ ಮಲಗುವುದೂ ಉಂಟು. ಈಗ ತಕರಾರು ಇವರದು. ಭಾನುವಾರವೂ ಏಳಕ್ಕೆ ಸರಿಯಾಗಿ ಮಗ ಬಂದು ಅಪ್ಪನ ಕಣ್ಣಿನ ರೆಪ್ಪೆ ಎತ್ತಿ ನೋಡುತ್ತಾನೆ. ಭಾನುವಾರ ಒಂದು ದಿನ ಒಂಬತ್ತರವರೆಗೆ ಮಲಗಬಹುದೇ ಎಂದು ಕೇಳಿ ಎನ್ನುತ್ತಿದ್ದಾರೆ.

ವೈದ್ಯೆ:
ಏಳೂವರೆ.