ನಾಲ್ಕು ವರ್ಷದ ಮಗಳ ಹುಟ್ಟುಹಬ್ಬ: ಜುಲೈ ಮಳೆ, ಸೊಸೈಟಿ ಹಾಲ್, ಐವತ್ತು ಜನರ ಪಟ್ಟಿ

ಡೊಂಬಿವಲಿ ಪೂರ್ವದಿಂದ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ಜುಲೈ ತಿಂಗಳ ಕೊನೆಯ ಭಾನುವಾರ ನನ್ನ ಮಗಳಿಗೆ ನಾಲ್ಕು ವರ್ಷ ತುಂಬುತ್ತದೆ. ನಮ್ಮದು ಒಂದೇ ಬೆಡ್‌ರೂಮಿನ ಮನೆಯಾದ್ದರಿಂದ ಕಟ್ಟಡದ ಸೊಸೈಟಿ ಹಾಲನ್ನು ಆ ದಿನಕ್ಕೆ ಕಾದಿರಿಸಿದ್ದೇವೆ. ಕಳೆದ ವರ್ಷ ಹಾಲ್‌ನ ಅಲಂಕಾರ, ಮೈಕ್, ಆಟ ಆಡಿಸುವ ಆ್ಯಂಕರ್ ಎಲ್ಲವನ್ನೂ ಒಬ್ಬರಿಗೇ ಒಪ್ಪಿಸಿದ್ದೆವು. ಸಂಜೆ ಏಳಕ್ಕೆಂದು ಕರೆದದ್ದು, ಕೇಕ್ ಕತ್ತರಿಸುವಾಗ ಎಂಟೂವರೆ ದಾಟಿತ್ತು; ಮೈಕಿನ ಅಬ್ಬರಕ್ಕೆ ಹೆದರಿದ ಮಗಳು ನನ್ನ ಸೀರೆಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡೇ ಇದ್ದಳು. ಆಲ್ಬಮ್‌ನ ಒಂದು ಚಿತ್ರದಲ್ಲೂ ಅವಳ ಮುಖ ಸರಿಯಾಗಿ ಕಾಣುವುದಿಲ್ಲ.

ಈ ಬಾರಿ ಎಲ್ಲವನ್ನೂ ನಾವೇ ಮಾಡಬೇಕೆಂದಿದ್ದೇವೆ. ಆದರೆ ಪಟ್ಟಿ ಬರೆಯಲು ಕುಳಿತರೆ ಕಟ್ಟಡದ ಮಕ್ಕಳು, ಶಾಲೆಯ ಮಕ್ಕಳು, ಗೋರೆಗಾಂವ್ ಮತ್ತು ಮುಲುಂಡ್‌ನ ಬಂಧುಗಳು ಸೇರಿ ಐವತ್ತು ದಾಟುತ್ತಿದೆ. ಇದರ ಜೊತೆಗೆ ಕಾರ್ಕಳದಿಂದ ಬಂದಿರುವ ಅತ್ತೆಯವರಿಗೆ ಎರಡು ಅಸಮಾಧಾನಗಳಿವೆ: ಅದು ಆಟಿ ತಿಂಗಳು (ತುಳುನಾಡಿನಲ್ಲಿ ಶುಭಕಾರ್ಯ ಮಾಡದ ತಿಂಗಳು), ಸಮಾರಂಭ ಏಕೆ ಎಂಬುದು ಒಂದು; ಹುಟ್ಟಿದ ದಿನ ಉರಿಯುವ ದೀಪವನ್ನು ಮಗುವಿನ ಬಾಯಿಂದಲೇ ಊದಿ ಆರಿಸುವುದು ಏನು ಚಂದ ಎಂಬುದು ಇನ್ನೊಂದು. ಯಾರನ್ನು ಕರೆಯಬೇಕು, ಎಷ್ಟು ಹೊತ್ತು ನಡೆಸಬೇಕು, ಮಕ್ಕಳಿಗೆ ಏನು ಆಡಿಸಬೇಕು ಎಂಬುದನ್ನು ಅನುಭವವುಳ್ಳವರು ತಿಳಿಸಿದರೆ ಉಪಕಾರವಾಗುತ್ತದೆ.

ಠಾಣೆಯ ಶಿಶುವಿಹಾರದ ಶಿಕ್ಷಕಿ

ನಿಮ್ಮ ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡದ್ದು ಹಟದಿಂದಲ್ಲ, ದಣಿವಿನಿಂದ. ಏಳು ಗಂಟೆಗೆ ಕರೆದರೆ ಮುಂಬಯಿಯಲ್ಲಿ ಜನ ಬರುವುದು ಏಳೂವರೆಗೆ, ಆ ವಯಸ್ಸಿನ ಮಗುವಿಗೆ ಎಂಟಕ್ಕೆಲ್ಲ ನಿದ್ದೆ ಎಳೆಯುತ್ತದೆ. ಐದಕ್ಕೆ ಕರೆಯಿರಿ, ಏಳರೊಳಗೆ ಮುಗಿಸಿರಿ. ಮುಗಿಯುವ ಸಮಯವನ್ನೂ ವಾಟ್ಸ್‌ಆ್ಯಪ್ ಕರೆಯೋಲೆಯಲ್ಲಿ ಬರೆಯಲು ಸಂಕೋಚಪಡಬೇಡಿ. ಅಂದು ಮಧ್ಯಾಹ್ನ ಮಗಳು ಒಂದು ಗಂಟೆಯಾದರೂ ಮಲಗುವಂತೆ ನೋಡಿಕೊಳ್ಳಿ. ಅಲಂಕಾರದ ಗಡಿಬಿಡಿಯಲ್ಲಿ ಈ ನಿದ್ದೆಯೇ ಮೊದಲು ತಪ್ಪುತ್ತದೆ.

ಐದಕ್ಕೆ ಎಂದರೂ ಎಲ್ಲರೂ ಒಟ್ಟಿಗೆ ಬರುವುದಿಲ್ಲವಾದ್ದರಿಂದ ಮೊದಲ ಅರ್ಧ ಗಂಟೆಗೆ ಯಾವ ಆಟವನ್ನೂ ಇಟ್ಟುಕೊಳ್ಳಬೇಡಿ. ನೆಲಕ್ಕೆ ಉದ್ದನೆಯ ಕಾಗದದ ಸುರುಳಿಯೊಂದನ್ನು ಹಾಸಿ, ಮಧ್ಯೆ ಬಣ್ಣದ ಕ್ರೇಯಾನ್‌ಗಳನ್ನು ಸುರಿದುಬಿಟ್ಟರೆ, ಬಂದ ಮಗು ಬಂದ ಹಾಗೆ ಕುಳಿತು ಗೀಚತೊಡಗುತ್ತದೆ. ಅಪರಿಚಿತ ಮನೆಯವರ ನಡುವೆ ಅಮ್ಮನ ಕೈ ಬಿಡದ ಮಗುವಿಗೂ ಅದೊಂದು ಆಸರೆ. ಆಮೇಲೆ ಮೂರು ಆಟಗಳು ಸಾಕು, ಒಂದೊಂದೂ ಹತ್ತು ನಿಮಿಷ. ಮ್ಯೂಸಿಕಲ್ ಚೇರ್ ಬೇಡ ಎಂದು ನಾನು ಹೇಳುವುದಿಲ್ಲ, ಆದರೆ ಅದರ ನಿಯಮವನ್ನು ಬದಲಾಯಿಸಿ. ನಾಲ್ಕು ವರ್ಷದ ಮಗುವಿಗೆ ‘ಔಟ್’ ಎಂದರೆ ಮನೆಗೆ ಹೋಗು ಎಂದಂತೆಯೇ ಕೇಳಿಸುತ್ತದೆ. ಕುರ್ಚಿಗಳ ಬದಲು ಚಾಪೆಗಳನ್ನು ಹಾಕಿ, ಹಾಡು ನಿಂತಾಗಲೆಲ್ಲ ಒಂದು ಚಾಪೆಯನ್ನು ತೆಗೆಯಿರಿ, ಮಗುವನ್ನು ತೆಗೆಯಬೇಡಿ. ಕೊನೆಯಲ್ಲಿ ಎಲ್ಲರೂ ಒಂದೇ ಚಾಪೆಯ ಮೇಲೆ ಒಬ್ಬರಿಗೊಬ್ಬರು ಅಂಟಿಕೊಂಡು ನಗುತ್ತಿರುತ್ತಾರೆ. ನಮ್ಮ ಕೆರೆ–ದಡವೂ ಹಾಗೆಯೇ. ಸೀಮೆಸುಣ್ಣದ ಒಂದು ಗೆರೆ ಸಾಕು, ಮರಾಠಿ, ಗುಜರಾತಿ ಮಕ್ಕಳು ಎರಡು ನಿಮಿಷದಲ್ಲಿ ‘ಕೆರೆ’, ‘ದಡ’ ಎರಡನ್ನೂ ಕಲಿಯುತ್ತಾರೆ, ತಪ್ಪಿದವರನ್ನು ಹೊರಗೆ ಕಳಿಸದಿದ್ದರಾಯಿತು.

ಕೇಕನ್ನು ಆರಕ್ಕೆ ಕತ್ತರಿಸಿ. ಕೇಕ್ ಆದ ಮೇಲೆ ಮಕ್ಕಳು ಯಾರ ಮಾತಿಗೂ ಸಿಗುವುದಿಲ್ಲ, ನೇರವಾಗಿ ತಿಂಡಿಗೆ ಕೂರಿಸುವುದೇ ಲೇಸು.

ಇನ್ನು ಸಂಖ್ಯೆಯ ವಿಚಾರ. ಈ ವಯಸ್ಸಿನ ಮಕ್ಕಳನ್ನು ಬಿಟ್ಟು ಪೋಷಕರು ಹೋಗುವುದಿಲ್ಲ. ಹದಿನೈದು ಮಕ್ಕಳನ್ನು ಕರೆದರೆ ತಿಂಡಿ ಬೇಕಾಗುವುದು ಮೂವತ್ತೈದು ಜನರಿಗೆ. ಮಗಳು ಮನೆಯಲ್ಲಿ ಯಾವ ಹೆಸರುಗಳನ್ನು ಹೇಳುತ್ತಾಳೋ ಅಷ್ಟೇ ಮಕ್ಕಳನ್ನು ಕರೆಯಿರಿ, ಎಂಟೋ ಹತ್ತೋ ಇದ್ದಾರು. ರಿಟರ್ನ್ ಗಿಫ್ಟ್ ಏನೇ ಇರಲಿ, ಎಲ್ಲರಿಗೂ ಒಂದೇ ಬಣ್ಣದ್ದನ್ನು ತಂದು, ಹೊರಡುವಾಗ ಬಾಗಿಲಲ್ಲಿ ಕೊಡಿ. ನಮ್ಮ ಶಾಲೆಯಲ್ಲಿ ಒಮ್ಮೆ ಗುಲಾಬಿ ಬಣ್ಣದ ನೀರಿನ ಬಾಟಲಿ ಮೂರೇ ಇದ್ದವು. ಉಳಿದದ್ದನ್ನು ನೀವು ಊಹಿಸಬಹುದು.

ಮಾಟುಂಗದಿಂದ ಒಬ್ಬ ಅಜ್ಜ

ಶಿಕ್ಷಕಿಯವರ ಮಾತುಗಳೆಲ್ಲ ಅನುಭವದವು, ಆದರೆ ಎಂಟೇ ಮಕ್ಕಳನ್ನು ಕರೆಯಿರಿ ಎಂಬುದನ್ನು ಮಾತ್ರ ಒಪ್ಪಲಾರೆ. ಮಳೆ ಬಂದಾಗ ಒಣಹಾಕಿದ ಬಟ್ಟೆ ಎತ್ತಿಡುವವರು, ನೀವು ಆಫೀಸಿನಿಂದ ಬರುವುದು ತಡವಾದಾಗ ಮಗುವನ್ನು ತಮ್ಮ ಮನೆಯಲ್ಲಿ ಕೂರಿಸಿಕೊಳ್ಳುವವರು ಈ ಕಟ್ಟಡದ ಜನರೇ ಅಲ್ಲವೇ? ಒಂದೇ ಪ್ಯಾಸೇಜಿನಲ್ಲಿ ಆಡುವ ಮಕ್ಕಳಲ್ಲಿ ಇಬ್ಬರನ್ನು ಬಿಟ್ಟು, ಅವರ ಕಣ್ಣೆದುರಿಗೇ ಕೆಳಗಿನ ಹಾಲ್‌ನಲ್ಲಿ ಕೇಕ್ ಕತ್ತರಿಸಬಾರದು. ಕಡಿಮೆ ಮಾಡುವುದಿದ್ದರೆ ಬಂಧುಗಳನ್ನು ಕಡಿಮೆ ಮಾಡಿ, ಬಂಧುಗಳು ಅರ್ಥಮಾಡಿಕೊಳ್ಳುತ್ತಾರೆ. ಭಾನುವಾರ ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್ (ಹಳಿ ದುರಸ್ತಿಗೆಂದು ಕೆಲವು ಗಂಟೆ ಗಾಡಿಗಳನ್ನು ನಿಲ್ಲಿಸುವುದು) ಇದ್ದರೆ ಗೋರೆಗಾಂವ್‌ನವರು ದಾದರಿನಲ್ಲಿ ಗಾಡಿ ಬದಲಿಸಿ ಮಕ್ಕಳೊಂದಿಗೆ ಡೊಂಬಿವಲಿ ತಲುಪುವುದೇ ಒಂದು ಸಾಹಸ. ಅದರ ಮೇಲೆ ಜುಲೈ. ಕಡಲು ಉಕ್ಕುವ ಭರತದ ಹೊತ್ತಿಗೇ ಜೋರು ಮಳೆ ಸುರಿದರೆ ಹಳಿಗಳ ಮೇಲೆ ನೀರು. ಮುಂಬಯಿ ಪಾಲಿಕೆಯು ಮಳೆಗಾಲದ ಮೊದಲೇ ನಾಲ್ಕೂವರೆ ಮೀಟರಿಗಿಂತ ಎತ್ತರದ ಅಲೆಗಳೇಳುವ ದಿನಗಳ ಪಟ್ಟಿಯನ್ನು ಪ್ರಕಟಿಸುತ್ತದೆ, ಅದನ್ನೊಮ್ಮೆ ನೋಡಿ ಬಂಧುಗಳಿಗೆ ಬೇರೆ ದಿನ ಹೇಳಿ.

ನಿಮ್ಮ ಅತ್ತೆಯವರ ಮಾತಿಗೂ ಇಲ್ಲೇ ದಾರಿಯಿದೆ. ಮಗುವಿನ ಜನ್ಮನಕ್ಷತ್ರದ ದಿನ ಮನೆಯಲ್ಲಿ ತಲೆಗೆ ಎಣ್ಣೆ ಹಚ್ಚಿ ಮೀಯಿಸಿ, ಹೆಸರುಬೇಳೆ ಪಾಯಸ ಮಾಡಿ, ಹತ್ತಿರದ ನಾಲ್ಕು ಬಂಧುಗಳನ್ನು ಊಟಕ್ಕೆ ಕರೆಯಿರಿ. ಅದಕ್ಕೆ ಆಟಿಯ ಅಡ್ಡಿಯಿರದು. ಸಂಜೆಯ ಕೇಕ್ ಮಕ್ಕಳ ಆಟ ಎಂದರೆ ಅವರೂ ಸುಮ್ಮನಾದಾರು.

ಒಂದು ಎಚ್ಚರಿಕೆ: ನಿಮ್ಮ ಕಟ್ಟಡದಲ್ಲಿ ಜೈನರಿದ್ದರೆ ಅದು ಸಾಮಾನ್ಯವಾಗಿ ಚಾತುರ್ಮಾಸದ, ಅಂದರೆ ಮಳೆಗಾಲದ ನಾಲ್ಕು ತಿಂಗಳ ವ್ರತದ ಕಾಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಯಷ್ಟೇ ಅಲ್ಲ, ಹಲವರು ಸೊಪ್ಪನ್ನೂ ಬಿಟ್ಟಿರುತ್ತಾರೆ, ಸೂರ್ಯಾಸ್ತದ ನಂತರ ತಿನ್ನುವುದಿಲ್ಲ. ಆ ದಿನಗಳಲ್ಲಿ ಇಲ್ಲಿ ಸೂರ್ಯ ಮುಳುಗುವುದು ಏಳೂಕಾಲರ ಸುಮಾರಿಗೆ, ಹಾಗಾಗಿ ಐದರಿಂದ ಏಳರ ಸಮಯ ಅವರಿಗೂ ಅನುಕೂಲ. ಮೊಟ್ಟೆಯಿಲ್ಲದ ಕೇಕ್ ಹೇಳಿ. ಗೋಳಿಬಜೆಯನ್ನು ಶುಂಠಿ, ಕೊತ್ತಂಬರಿ ಹಾಕದೆ ಮಾಡಿದರೆ ಮಕ್ಕಳಿಗೂ ಖಾರವಾಗದು. ಬಾಳೆಹಣ್ಣಿನ ಬನ್ಸ್ ಜೊತೆಗಿದ್ದರೆ ಪಿಜ್ಜಾ ತರಿಸದಿದ್ದರೂ ಯಾರೂ ಕೇಳುವುದಿಲ್ಲ. ಆದರೂ ತಿನ್ನುವವರನ್ನು ಒಂದು ಮಾತು ವಿಚಾರಿಸಿ, ಒಬ್ಬೊಬ್ಬರ ಕಟ್ಟುನಿಟ್ಟು ಒಂದೊಂದು ಬಗೆ.

ಬೊರಿವಲಿಯಿಂದ, ವೃತ್ತಿಯಲ್ಲಿ ನರ್ಸ್

ಬಲೂನುಗಳ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಎಲ್ಲರೂ ಅವನ್ನು ನಿರಪಾಯ ಎಂದುಕೊಳ್ಳುತ್ತಾರೆ. ಒಡೆದ ಬಲೂನಿನ ರಬ್ಬರ್ ಚೂರು ಮಗುವಿನ ಗಂಟಲಲ್ಲಿ ಅಂಟಿ ಕುಳಿತರೆ ಹೊರತೆಗೆಯುವುದು ಬಹಳ ಕಷ್ಟ. ಎಂಟು ವರ್ಷದೊಳಗಿನ ಮಕ್ಕಳಿಗೆ ಉಸಿರುಗಟ್ಟುವ ಅಪಾಯವಿದೆ ಎಂಬ ಎಚ್ಚರಿಕೆಯನ್ನು ಅಮೆರಿಕದಲ್ಲಿ ಬಲೂನಿನ ಪೊಟ್ಟಣದ ಮೇಲೆ ಮುದ್ರಿಸುವುದು ಕಡ್ಡಾಯ. ಆದ್ದರಿಂದ ಬಲೂನುಗಳನ್ನು ಮಕ್ಕಳ ಕೈಗೆ ಎಟುಕದಷ್ಟು ಮೇಲೆ ಕಟ್ಟಿ, ಒಡೆದರೆ ಚೂರುಗಳನ್ನು ಕೂಡಲೇ ಹೆಕ್ಕಲು ಒಬ್ಬ ದೊಡ್ಡವರನ್ನು ನೇಮಿಸಿ. ಇಡೀ ದ್ರಾಕ್ಷಿ, ನೆಲಗಡಲೆ, ಪಾಪ್‌ಕಾರ್ನ್ ಈ ವಯಸ್ಸಿಗೆ ಬೇಡ. ದ್ರಾಕ್ಷಿ ಬೇಕೇಬೇಕೆಂದರೆ ಉದ್ದಕ್ಕೆ ಸೀಳಿ ಕೊಡಿ. ಉರಿಯುವ ಮೇಣದಬತ್ತಿಯ ಬಳಿ ಸ್ನೋ ಸ್ಪ್ರೇ ಹಾರಿಸಲು ಯಾರಿಗೂ ಬಿಡಬೇಡಿ, ಅದರಲ್ಲಿರುವ ಅನಿಲ ಹೊತ್ತಿಕೊಳ್ಳುವಂಥದ್ದು.

ಥರ್ಮಾಕೋಲ್ ಅಲಂಕಾರ, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಪ್ಲಾಸ್ಟಿಕ್ ತಟ್ಟೆ–ಲೋಟಗಳು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ ಎಂಬುದನ್ನೂ ನೆನಪಿಡಿ. ನಮ್ಮ ಸೊಸೈಟಿಯಲ್ಲಿ ಅಡಿಕೆ ಹಾಳೆಯ ತಟ್ಟೆಗಳನ್ನೇ ತರಿಸುತ್ತೇವೆ.

ಡೊಂಬಿವಲಿ ಪೂರ್ವದಿಂದ ಒಬ್ಬ ತಾಯಿ

ಎಲ್ಲರಿಗೂ ಕೃತಜ್ಞತೆಗಳು. ಅಜ್ಜನವರ ಮಾತಿನಂತೆ ಬಂಧುಗಳ ಊಟವನ್ನು ನಕ್ಷತ್ರದ ದಿನಕ್ಕೆ ಬದಲಾಯಿಸಿದೆವು. ಕಟ್ಟಡದ ಮಕ್ಕಳು ಹನ್ನೊಂದು, ಶಾಲೆಯವರು ಮೂವರು, ಅಲ್ಲಿಗೆ ನಿಲ್ಲಿಸಿದ್ದೇವೆ. ಮೈಕ್ ಇಲ್ಲ. ಹಾಳೆತಟ್ಟೆಗಳ ಮಾತು ಕೇಳಿ, ಊರಿನಿಂದ ತರಬಹುದಿತ್ತಲ್ಲ ಎಂದು ಅತ್ತೆಯವರೇ ನೊಂದುಕೊಂಡರು. ಆದರೆ ದೀಪ ಊದುವ ವಿಷಯದಲ್ಲಿ ಅವರು ಇನ್ನೂ ಒಪ್ಪಿಲ್ಲ, ಮಗಳು ಊದುವುದನ್ನು ಬಿಡಲು ಒಪ್ಪುತ್ತಿಲ್ಲ.

ಠಾಣೆಯ ಶಿಶುವಿಹಾರದ ಶಿಕ್ಷಕಿ

ಊದಲು ಅವಳಿಗೆ ಬೇರೆ ಏನನ್ನಾದರೂ ಕೊಡಿ. ನಮ್ಮಲ್ಲಿ ಒಬ್ಬ ತಾಯಿ ಸೋಪಿನ ಗುಳ್ಳೆ ಊದುವ ಡಬ್ಬಿಯನ್ನು ತಂದಿದ್ದರು. ಕೇಕಿನಿಂದ ಸ್ವಲ್ಪ ದೂರ ನಿಂತು ಮಗು ಗುಳ್ಳೆ ಊದಿತು, ಉಳಿದ ಮಕ್ಕಳು ಅವನ್ನು ಹಿಡಿಯಲು ಹಾರಿದರು, ಮೇಣದಬತ್ತಿ ಯಾರಿಗೂ ನೆನಪಾಗಲಿಲ್ಲ. ಅದಕ್ಕೂ ಮೊದಲು ಅಜ್ಜಿಯೇ ಮೊಮ್ಮಗಳಿಗೆ ಆರತಿ ಎತ್ತಲಿ. ನಿಮ್ಮ ಮರಾಠಿ ನೆರೆಯವರೂ ಔಕ್ಷಣ್ ಮಾಡಲು ಮುಂದೆ ಬರುತ್ತಾರೆ, ಅವರಲ್ಲೂ ಅದೇ ಪದ್ಧತಿ. ಆದರೆ ಸೊಸೈಟಿ ಹಾಲ್‌ನ ಫ್ಯಾನುಗಳ ಕೆಳಗೆ ಆರತಿ ನಿಲ್ಲುವುದಿಲ್ಲ, ಯಾವ ಸ್ವಿಚ್ ಯಾವ ಫ್ಯಾನಿನದು ಎಂದು ವಾಚ್‌ಮ್ಯಾನ್‌ರನ್ನು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.